ಎಪ್ಪತ್ತೆರಡು ಕೆ.ಜಿ. ಪಾರ್ಸೆಲ್

2025ರ ಜೂನ್ 16ರಿಂದ ಬೆಂಗಳೂರಿನಲ್ಲಿ ಬೈಕ್ ಟ್ಯಾಕ್ಸಿ ಹತ್ತುವಂತಿರಲಿಲ್ಲ. ಹಾಗಾಗಿ ಜನ ತಮ್ಮನ್ನು ತಾವೇ ಪಾರ್ಸೆಲ್ ಮಾಡಿಕೊಂಡು ಆಫೀಸಿಗೆ ಹೋದರು.

ಇದು ಕಲ್ಪನೆಯಲ್ಲ. ಈ ರಾಜ್ಯದಲ್ಲಿ ವ್ಯಂಗ್ಯ ಬರೆದು ಹೊಟ್ಟೆ ಹೊರೆಯುವವನಿಗೆ ಕಲ್ಪನೆಯ ಖರ್ಚೇ ಇಲ್ಲ, ಪತ್ರಿಕೆ ನೋಡಿ ನಕಲು ಮಾಡಿದರೆ ಸಾಕು. ಆ ವರ್ಷದ ಏಪ್ರಿಲ್ 2ರಂದು ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿದ್ದು ಇಷ್ಟೆ: ಮೋಟಾರು ವಾಹನ ಕಾಯ್ದೆಯ 93ನೇ ಸೆಕ್ಷನ್ನಿನ ಅಡಿ ಸರ್ಕಾರ ನಿಯಮ ರೂಪಿಸುವವರೆಗೆ ಬೈಕ್ ಟ್ಯಾಕ್ಸಿ ಓಡಬಾರದು. ಆರು ವಾರದ ಗಡುವು ಕೊಟ್ಟಿತು, ಅದು ಹಿಗ್ಗಿ ಜೂನ್ 15ಕ್ಕೆ ಬಂತು. ಇದೇ ವಿಧಾನಸೌಧದಿಂದ 2021ರಲ್ಲಿ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ಅಂತ ಒಂದು ಹೊರಬಿದ್ದಿತ್ತು. ಆಗೊಮ್ಮೆ ಬೆನ್ನು ತಟ್ಟಿಕೊಂಡಾಯಿತು. 2024ರ ಮಾರ್ಚ್‌ನಲ್ಲಿ ಅದನ್ನು ವಾಪಸ್ ಪಡೆದು ಇನ್ನೊಮ್ಮೆ ತಟ್ಟಿಕೊಂಡಾಯಿತು. ಈಗ ನಿಯಮ ಎಲ್ಲಿ ಸ್ವಾಮಿ ಎಂದರೆ, ಮಾಡದೇ ಇರುವುದೇ ನಮ್ಮ ನೀತಿ ಎಂಬ ಉತ್ತರ ಬಂತು. ಆ್ಯಪ್‌ಗಳು ಸುಮ್ಮನಿರುತ್ತವೆಯೇ? ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು. 'ಬೈಕ್' ಎಂಬ ಗುಂಡಿ ಮಾಯವಾಗಿ 'ಬೈಕ್ ಪಾರ್ಸೆಲ್' ಎಂಬ ಗುಂಡಿ ಬಂತು. ಪಾರ್ಸೆಲ್ ಸಾಗಿಸಲು ಯಾರ ಅಡ್ಡಿಯೂ ಇಲ್ಲ. ಪಾರ್ಸೆಲ್‌ಗೆ ಕೈಕಾಲು ಇರಬಾರದು, ಅದು ಹೆಲ್ಮೆಟ್ ಹಾಕಿಕೊಳ್ಳಬಾರದು ಎಂದು ಯಾವ ಆದೇಶದಲ್ಲೂ ಬರೆದಿರಲಿಲ್ಲ.

ನಾನೂ ಒಂದು ಸಂಜೆ ಬನಶಂಕರಿ ಮೆಟ್ರೊ ನಿಲ್ದಾಣದ ಕೆಳಗೆ ನಿಂತು ನನ್ನನ್ನು ಬುಕ್ ಮಾಡಿದೆ. ಬಂದವನು ಹಾವೇರಿ ಕಡೆಯ ಹುಡುಗ.

'ಪಾರ್ಸೆಲ್ ಎಲ್ಲೈತ್ರೀ ಸರ?'

'ನಾನೇ.'

'ಹತ್ರಿ.' ಅವನಿಗೆ ಏನೂ ಅನ್ನಿಸಲಿಲ್ಲ. ಬೆಳಗ್ಗೆಯಿಂದ ಇಂಥವೇ ಪಾರ್ಸೆಲ್ ಹೊತ್ತಿದ್ದಾನೆ. 'ಟ್ರಾಫಿಕ್‌ನವ್ರು ಹಿಡದ್ರ ನಾ ನಿಮ್ಮ ಅಕ್ಕನ ಮಗ ಅನ್ರಿ.'

'ಹೆಸರು ಕೇಳಿದರೆ?'

'ನಿಮಗ ಬೇಕಾದ್ದು ಇಡ್ರಿ. ನಿಮ್ಮ ಅಕ್ಕನ ಮಗ ಅಲ್ರೀ, ನಿಮಗ ಗೊತ್ತಿರಬೇಕು.'

ಇಳಿದ ಮೇಲೆ ಓಟಿಪಿ ಕೇಳಿದ. ಪಾರ್ಸೆಲ್ ಪಡೆದವರು ಕೊಡಬೇಕಾದ ಓಟಿಪಿ. ಕಳಿಸಿದವನೂ ನಾನೇ, ಬಂದು ತಲುಪಿದ್ದೂ ನಾನೇ, ಸಹಿ ಹಾಕಿ ಪಡೆದುಕೊಂಡದ್ದೂ ನಾನೇ. ಎಪ್ಪತ್ತೆರಡು ಕೆ.ಜಿ. ಸಾಮಾನು, ಯಾವುದೇ ಹಾನಿಯಿಲ್ಲ. ಐದು ಸ್ಟಾರ್ ಒತ್ತಿದೆ.

ಆ ಹುಡುಗ ಮೆಕ್ಯಾನಿಕಲ್ ಎಂಜಿನಿಯರು. ಅವನ ವಿಷಯದಲ್ಲಿ ಸರ್ಕಾರ ತೋರಿದ ಕಾಳಜಿಯನ್ನು ಇಲ್ಲಿ ದಾಖಲಿಸದಿದ್ದರೆ ಪಾಪ ಬರುತ್ತದೆ. ಮೇ ಕೊನೆಯಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಸುಗ್ರೀವಾಜ್ಞೆ ಹೊರಡಿಸಿದರು. ಪ್ರತಿ ವಹಿವಾಟಿನಲ್ಲೂ ಶೇಕಡ 1ರಿಂದ 5ರವರೆಗೆ ಕ್ಷೇಮನಿಧಿಗೆ ಹೋಗಬೇಕು, ಕಾರಣ ಹೇಳದೆ ಕೆಲಸದಿಂದ ತೆಗೆಯುವಂತಿಲ್ಲ ಇತ್ಯಾದಿ. ಒಳ್ಳೆಯ ಕಾನೂನು, ನಿಜಕ್ಕೂ. ಜೂನ್ ಮಧ್ಯದಲ್ಲಿ ಅವನ ಕೆಲಸವೇ ನಿಷೇಧವಾಯಿತು. ಭದ್ರತೆ ಬಂತು, ಉದ್ಯೋಗ ಹೋಯಿತು. ಆ್ಯಪ್ ಅವನನ್ನು ಕಾರಣ ಹೇಳದೆ ತೆಗೆಯುವಂತಿಲ್ಲ, ಸರಿ. ಸರ್ಕಾರ ತೆಗೆಯಬಹುದೇ ಎಂಬುದರ ಬಗ್ಗೆ ಸುಗ್ರೀವಾಜ್ಞೆ ಮೌನವಾಗಿತ್ತು.

ಅತ್ತ ಆಟೊ ಚಾಲಕರಿಗೆ ಹಬ್ಬ. ಅವರ ಸಿಟ್ಟಿಗೂ ಅರ್ಥವಿದೆ ಅನ್ನಿ. ಪರ್ಮಿಟ್ಟು, ಎಫ್‌ಸಿ, ವಿಮೆ, ಬ್ಯಾಡ್ಜು, ಹಳದಿ ಬೋರ್ಡು, ಮೇಲಿಂದ ಫೈನಾನ್ಸ್‌ನವನ ಕಂತು, ಇಷ್ಟೂ ಹೊತ್ತುಕೊಂಡು ಮೂರು ಚಕ್ರದ ಮೇಲೆ ಕುಳಿತವನ ಕಣ್ಣೆದುರೇ ಬಿಳಿ ಬೋರ್ಡಿನ ಎರಡು ಚಕ್ರದವನು ಕಡಿಮೆ ರೇಟಿಗೆ ಗಿರಾಕಿ ಎತ್ತಿಕೊಂಡು ಹೋದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಕಾನೂನು ಎಲ್ಲರಿಗೂ ಒಂದೇ ಇರಲಿ ಎಂದು ಅವರು ಕೂಗಿದ್ದರಲ್ಲಿ ತಪ್ಪಿಲ್ಲ. ಧರಣಿ ಮುಗಿಸಿ ಬಂದವರ ಬಳಿ ಅದೇ ಕಾನೂನಿನ ಪ್ರಕಾರ ಮೀಟರ್ ಹಾಕಿ ಎಂದು ನೀವು ಕೇಳಿದಾಗ ಮಾತ್ರ ಅವರೊಳಗಿನ ಆಡಂ ಸ್ಮಿತ್ ಎದ್ದು ಕೂರುತ್ತಾನೆ. 'ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಬಿಡಿ.' ಬೇಡಿಕೆ-ಪೂರೈಕೆಯ ಶಾಸ್ತ್ರವನ್ನು ನಾಲ್ಕು ಪದಗಳಲ್ಲಿ ಹೇಳಿ ಮುಗಿಸಿದ ಇನ್ನೊಬ್ಬ ಅರ್ಥಶಾಸ್ತ್ರಜ್ಞನನ್ನು ನಾನು ಕಂಡಿಲ್ಲ. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು ಎಂಬುದು ಕಾನೂನು ಕೊಟ್ಟ ಹಕ್ಕು. ಸಂಜೆ ಆರರ ಮಳೆಗೆ ಒಂದೂವರೆ, ನಿಮ್ಮ ಏರಿಯಾದಿಂದ ಖಾಲಿ ವಾಪಸ್ ಬರಬೇಕಲ್ಲ ಎಂಬ ದುಃಖಕ್ಕೆ ಮೇಲೆ ಐವತ್ತು, ಇವು ಮಾರುಕಟ್ಟೆ ಕೊಟ್ಟ ಹಕ್ಕುಗಳು.

ಬೈಕುಗಳು ನಿಂತ ಮೇಲೆ ಆಟೊದವರು ಹೆಚ್ಚು ಕೇಳುತ್ತಿದ್ದಾರೆಂದು ಗುಲ್ಲೆದ್ದಿತು. ಸಾರಿಗೆ ಇಲಾಖೆ ಒಂದಷ್ಟು ಆಟೊ ಹಿಡಿಯಿತು. ಆಗಸ್ಟ್ 1ರಿಂದ ಸರ್ಕಾರವೇ ಕನಿಷ್ಠ ದರವನ್ನು 30ರಿಂದ 36 ರೂಪಾಯಿಗೆ, ಆಮೇಲಿನ ಪ್ರತಿ ಕಿಲೋಮೀಟರಿಗೆ 15ರಿಂದ 18ಕ್ಕೆ ಏರಿಸಿತು. ಹಿಡಿದದ್ದು ನಿಯಂತ್ರಣ, ಏರಿಸಿದ್ದು ಸುಧಾರಣೆ.

ಹಾಗೆಂದು ಆ್ಯಪ್‌ನವರೇನು ಗಂಗೆಯಲ್ಲಿ ಮಿಂದವರಲ್ಲ. ಚಾಲಕ ಬಾಯಿಬಿಟ್ಟು ಕೇಳಿದರೆ ಸುಲಿಗೆ, ಅಲ್ಗಾರಿದಂ ಕೇಳಿದರೆ ಸರ್ಜ್. ಒಂದೂವರೆ ಪಟ್ಟಿಗಿದ್ದ ಈ ಸರ್ಜ್ ಮಿತಿಯನ್ನು ಕೇಂದ್ರದ ಹೊಸ ಮಾರ್ಗಸೂಚಿ ಅದೇ ವರ್ಷದ ಜುಲೈನಲ್ಲಿ ಎರಡು ಪಟ್ಟಿಗೆ ಒಯ್ದಿತು. ಅದರ ಮೇಲೆ 'ಮುಂಗಡ ಟಿಪ್ಸ್' ಎಂಬ ಹೊಸ ಸಂಸ್ಕೃತಿ. ಗಾಡಿ ಬರುವ ಮೊದಲೇ ಭಕ್ಷೀಸು ಇಡಬೇಕು. ಇದು ಸರಿಯಲ್ಲ ಎಂದು ಗ್ರಾಹಕ ವ್ಯವಹಾರಗಳ ಸಚಿವ, ನಮ್ಮ ಧಾರವಾಡದ ಪ್ರಲ್ಹಾದ ಜೋಶಿಯವರು ಮೇ ತಿಂಗಳಲ್ಲಿ ಗುಡುಗಿದರು, ನೋಟಿಸೂ ಹೋಯಿತು. ದೇವರಿಗೆ ಮಾತ್ರ ನಾವು ಹರಕೆಯನ್ನು ಕೆಲಸ ಆದ ಮೇಲೆ ತೀರಿಸುತ್ತೇವೆ, ಅಲ್ಲಿ ಸರ್ಜ್ ಇನ್ನೂ ಬಂದಿಲ್ಲ.

ನನ್ನ ದೂರು ಆಟೊದವರ ಮೇಲಲ್ಲ, ಆ್ಯಪ್‌ಗಳ ಮೇಲೂ ಅಲ್ಲ. ಟೌನ್‌ಹಾಲಿನ ಸೆಮಿನಾರುಗಳಲ್ಲಿ ಮುಕ್ತ ಮಾರುಕಟ್ಟೆ ಬೇಕೇ, ಸರ್ಕಾರದ ಹಿಡಿತ ಬೇಕೇ ಎಂದು ಎರಡು ಬಣ ಕುಳಿತು ವಾದಿಸುತ್ತಾರಲ್ಲ, ಅಂಥ ಬಣಗಳು ಸೆಮಿನಾರಿನ ಆಚೆ ಎಲ್ಲೂ ಇಲ್ಲ. ಇಲ್ಲಿ ಎಲ್ಲರಿಗೂ ಎರಡೂ ಬೇಕು. ತಾನು ಮಾರುವ ಮಾಲಿಗೆ ಸ್ವಾತಂತ್ರ್ಯ ಬೇಕು, ತಾನು ಕೊಳ್ಳುವ ಮಾಲಿಗೆ ನಿಯಂತ್ರಣ ಬೇಕು. ಮಾರಲು ತನ್ನನ್ನು ಬಿಟ್ಟು ಬೇರೇನೂ ಇಲ್ಲದವನ ಬೆಲೆ ಎಷ್ಟೆಂಬುದನ್ನು ಮಾತ್ರ ಉಳಿದವರೆಲ್ಲ ಸೇರಿ ಗೊತ್ತುಮಾಡುತ್ತಾರೆ.

ದೊಡ್ಡವರ ಉದಾಹರಣೆಯನ್ನೇ ನೋಡೋಣ, ಚಿಕ್ಕವರನ್ನು ಆಡಿಕೊಳ್ಳುವುದು ಸುಲಭ. 2024ರ ಜುಲೈ 15, ಸೋಮವಾರ. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಉಳಿದ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೆ ಎಂಬ ಮಸೂದೆಗೆ ನಮ್ಮ ಸಂಪುಟ ಒಪ್ಪಿಗೆ ಕೊಟ್ಟಿತು. ಸಿ ಮತ್ತು ಡಿ ದರ್ಜೆಗೆ ನೂರಕ್ಕೆ ನೂರು ಎಂದು ಮುಖ್ಯಮಂತ್ರಿಗಳು ಎಕ್ಸ್‌ನಲ್ಲಿ ಬರೆದರು, ಆಮೇಲೆ ಅಳಿಸಿದರು. ಉದ್ಯಮಿಗಳು ಎದೆ ಬಡಿದುಕೊಂಡರು. ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕೆಂದು ಹೇಳಲು ಸರ್ಕಾರ ಯಾರು? ಪ್ರತಿಭೆಗೆ ಬೇಲಿ ಹಾಕುವುದೇ? ಬುಧವಾರ ಸಂಜೆಯ ಹೊತ್ತಿಗೆ ಮಸೂದೆ ತಡೆಗೆ ಬಿತ್ತು. ಸೋಮವಾರ ನಾಮಕರಣ, ಬುಧವಾರ ತಿಥಿ. ಸ್ಥಳೀಯರಿಗೆ ಉದ್ಯೋಗ ಕೊಡಿ ಎಂದ ಸರೋಜಿನಿ ಮಹಿಷಿ ವರದಿಯಾದರೂ ದಶಕಗಳಿಂದ ಕಪಾಟಿನಲ್ಲಿ ನೆಮ್ಮದಿಯಾಗಿದೆ, ಇದಕ್ಕೆ ಆ ಭಾಗ್ಯವೂ ಸಿಗಲಿಲ್ಲ.

ಮರುವಾರವೇ ಇನ್ನೊಂದು ಕಡತ ಮೇಲೆದ್ದಿತು: ಐಟಿ ನೌಕರರ ದುಡಿಮೆಯನ್ನು ಓವರ್‌ಟೈಮ್ ಸೇರಿಸಿ ದಿನಕ್ಕೆ 14 ಗಂಟೆಯವರೆಗೆ ಒಯ್ಯುವ ತಿದ್ದುಪಡಿ. ಇದು ನಮ್ಮದಲ್ಲ, ಉದ್ಯಮದವರ ಒತ್ತಡ ಎಂದು ಕಾರ್ಮಿಕ ಸಚಿವ ಸಂತೋಷ್ ಲಾಡ್ ಹೇಳಿದರು. ಯಾರನ್ನು ಇಟ್ಟುಕೊಳ್ಳಬೇಕೆಂದು ಕಾನೂನು ಹೇಳಬಾರದು, ಇಟ್ಟುಕೊಂಡವನನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬುದನ್ನು ಕಾನೂನೇ ಉದಾರವಾಗಿ ಹೇಳಬೇಕು. ನೌಕರರ ಸಂಘದವರು ಬೀದಿಗಿಳಿದ ಮೇಲೆ ಅದೂ ತಣ್ಣಗಾಯಿತು.

ಇನ್ನು ಸ್ಥಾಯಿ ಆದೇಶಗಳ ಕಾಯ್ದೆ. 1946ರದು. ಕೆಲಸದ ಹೊತ್ತು ಎಷ್ಟು, ರಜೆ ಎಷ್ಟು, ತೆಗೆದುಹಾಕುವುದಾದರೆ ಹೇಗೆ ಎಂಬುದನ್ನು ಮಾಲೀಕ ಬರೆದು ಗೋಡೆಗೆ ಹಾಕಬೇಕು ಎನ್ನುತ್ತಿದ್ದ ಸಾದಾ ಕಾನೂನು. 2014ರಲ್ಲಿ ಐಟಿ ಕಂಪನಿಗಳಿಗೆ ಇದರಿಂದ ಐದು ವರ್ಷ ವಿನಾಯಿತಿ ಸಿಕ್ಕಿತು. 2019ರಲ್ಲಿ ಮತ್ತೆ ಸಿಕ್ಕಿತು. 2024ರಲ್ಲಿ ಮತ್ತೆ ಐದು ವರ್ಷ. ಪಾಪ, ಉದಯೋನ್ಮುಖ ಉದ್ಯಮ, ಈಗಷ್ಟೇ ಕಣ್ಣುಬಿಡುತ್ತಿದೆ ಎಂಬ ಮಮತೆ. ಇನ್ಫೊಸಿಸ್ ಹುಟ್ಟಿದ್ದು 1981ರಲ್ಲಿ. ಅದರ ಜೊತೆ ಹುಟ್ಟಿದ ಮಕ್ಕಳಿಗೆ ಈಗ ಚಾಳೀಸು ಬಂದಿದೆ, ಸಕ್ಕರೆ ಕಾಯಿಲೆ ಬಂದಿದೆ, ಉದ್ಯಮಕ್ಕೆ ಮಾತ್ರ ಇನ್ನೂ ಹಲ್ಲು ಮೂಡಿಲ್ಲ.

2022ರಲ್ಲಿ ಆಫರ್ ಪತ್ರ ಕೈಗೆ ಬಂದು, ಎರಡು ವರ್ಷ ಬಾಗಿಲಲ್ಲಿ ಕಾದು, ಕಡೆಗೆ ಅದೇ ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್ಸಿಗೆ ಸೇರಿದವರಲ್ಲಿ ಮುನ್ನೂರಕ್ಕೂ ಹೆಚ್ಚು ತರಬೇತಿನಿರತರು 2025ರ ಫೆಬ್ರವರಿಯಲ್ಲಿ ಗಂಟುಮೂಟೆ ಕಟ್ಟಿದರು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂಬುದು ಕಂಪನಿಯ ವಿವರಣೆ. ಇರಬಹುದು. ಎರಡು ವರ್ಷ ಕಾಯಿಸಿದ್ದು ಯಾವ ಪರೀಕ್ಷೆಯಲ್ಲಿ ಫೇಲಾದದ್ದಕ್ಕೆ ಎಂದು ಆ ಮಕ್ಕಳಿಗೆ ಯಾರೂ ಹೇಳಿಲ್ಲ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ನಾರಾಯಣಮೂರ್ತಿಯವರು ಹೇಳಿ ಆಗಲೇ ಒಂದೂಕಾಲು ವರ್ಷವಾಗಿತ್ತು. ಎಲ್ ಅಂಡ್ ಟಿ ಮುಖ್ಯಸ್ಥರು ಆ ಜನವರಿಯಲ್ಲಷ್ಟೇ ಅದನ್ನು 90ಕ್ಕೆ ಏರಿಸಿದ್ದರು. ಹುಡುಗರು ಯಾವ ಸಂಖ್ಯೆಗೂ ತಯಾರಿದ್ದರು. ದುಡಿಯಲು ಕುರ್ಚಿ ಇರಲಿಲ್ಲ, ಅಷ್ಟೆ.

ನಮ್ಮಲ್ಲಿ ಏನೇ ಗಲಾಟೆ ಎದ್ದರೂ ಕೆಂಪು ಹಾಸು ಹಿಡಿದು ಓಡಿ ಬರುವವರು ಒಬ್ಬರಿದ್ದಾರೆ, ಆಂಧ್ರದ ಸಚಿವ ನಾರಾ ಲೋಕೇಶ್. 2024ರ ಜುಲೈನಲ್ಲಿ ಮೀಸಲಾತಿ ಮಸೂದೆ ಸುದ್ದಿ ಬಂದದ್ದೇ ತಡ, ಐಟಿಯವರೇ ವಿಶಾಖಪಟ್ಟಣಕ್ಕೆ ಬನ್ನಿ ಎಂದರು. 2025ರ ಜುಲೈನಲ್ಲಿ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು ನಮ್ಮ ಸರ್ಕಾರ ಕೈಬಿಟ್ಟಿತು. ಏರೋಸ್ಪೇಸ್‌ನವರೇ ನಮ್ಮಲ್ಲಿ ಬನ್ನಿ ಎಂದು ಮತ್ತೆ ಕರೆದರು. ದೇವನಹಳ್ಳಿಯ ರೈತರು ಕೇಳಿದ್ದಾದರೂ ಏನು? ಮುಕ್ತ ಮಾರುಕಟ್ಟೆಯ ಮೊದಲ ಪಾಠದಲ್ಲೇ ಇರುವ ಹಕ್ಕು: ನನ್ನ ವಸ್ತು, ಮಾರುವುದಿಲ್ಲ. ಇಷ್ಟನ್ನು ಒಪ್ಪಿಸಲು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂರಬೇಕಾಯಿತು. ಮಾರುಕಟ್ಟೆಯ ಪರಮ ಭಕ್ತರು ಅಂದು ರೈತರ ಪರವಾಗಿ ಒಂದು ಲೇಖನ ಬರೆದಾರು ಎಂದು ಕಾದೆ. ಎಲ್ಲರೂ ಹೂಡಿಕೆ ಕೈತಪ್ಪಿತೆಂಬ ಶೋಕದಲ್ಲಿದ್ದರು.

ಆಂಧ್ರದವರ ಔದಾರ್ಯವನ್ನೂ ಹೇಳಬೇಕು. 2025ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣದ 21 ಎಕರೆಗೂ ಮಿಕ್ಕ ಜಾಗವನ್ನು ಟಿಸಿಎಸ್‌ಗೆ 99 ಪೈಸೆಗೆ ಕೊಡಲು ಅಲ್ಲಿನ ಸಂಪುಟ ಒಪ್ಪಿತು. ಬೆಂಗಳೂರಿನ ಹೊಸ ಆಟೊ ದರದಲ್ಲಿ 99 ಪೈಸೆಗೆ ನೀವು ಐವತ್ತೈದು ಮೀಟರ್ ಹೋಗಬಹುದು, ಅದೂ ಚಾಲಕ ಒಪ್ಪಿದರೆ. ಆ ಜಾಗದಲ್ಲಿ 12 ಸಾವಿರ ಉದ್ಯೋಗ ಬರುತ್ತದೆ ಎಂಬ ಮಾತಾಯಿತು. ಜುಲೈನಲ್ಲಿ ಅದೇ ಕಂಪನಿ ಜಗತ್ತಿನಾದ್ಯಂತ ತನ್ನ ಸಿಬ್ಬಂದಿಯ ಶೇಕಡ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಜಮೆ, ಖರ್ಚು ಎರಡೂ ತಾಳೆಯಾದವು. ಮಿಕ್ಕಿದ್ದು ಎಕರೆ.

ಇಷ್ಟು ಓದಿ 'ಛೇ, ಈ ಕಾರ್ಪೊರೇಟಿನವರು' ಎಂದುಕೊಂಡಿರಬಹುದು. ನಮ್ಮ ಅಪಾರ್ಟ್‌ಮೆಂಟಿಗೆ ಬನ್ನಿ.

ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೆಹರೂ ಕಾಲದ ಲೈಸೆನ್ಸ್ ರಾಜ್ ದೇಶವನ್ನು ಹೇಗೆ ಹಾಳುಮಾಡಿತು ಎಂಬ ಲೇಖನ ದಿನಕ್ಕೊಮ್ಮೆ ಫಾರ್ವರ್ಡ್ ಆಗುತ್ತದೆ. 1991 ಎಂಬುದು ಅಲ್ಲಿ ಯುಗಾದಿಯಷ್ಟೇ ಪವಿತ್ರ. ಅದೇ ಗುಂಪಿನಲ್ಲಿ ಒಂದು ಭಾನುವಾರ ಮೀಟಿಂಗಿನ ನಿರ್ಣಯ ಬಂತು: ಮನೆಕೆಲಸದವರಿಗೆ ಪಾತ್ರೆಗೆ ಇಷ್ಟು, ಕಸ-ನೆಲಕ್ಕೆ ಇಷ್ಟು, ಬಟ್ಟೆ ಒಣಗಿಸಲು ಇಷ್ಟು, ಇದಕ್ಕಿಂತ ಹೆಚ್ಚು ಕೊಟ್ಟು ಯಾರೂ 'ಮಾರ್ಕೆಟ್ ಕೆಡಿಸಬಾರದು'. ಒಂದು ಮನೆ ಬಿಟ್ಟ ಕೆಲಸದಾಕೆಯನ್ನು ಹಳೆಯ ಮನೆಯವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಇಟ್ಟುಕೊಳ್ಳುವಂತಿಲ್ಲ. ಗೇಟಿನಲ್ಲಿ ಪಾಸು, ಪಾಸಿಗೆ ಫೋಟೊ, ಹೋಗುವಾಗ ಚೀಲ ತಪಾಸಣೆ. ದರ ನಿಗದಿ, ಪರವಾನಗಿ, ಚೆಕ್‌ಪೋಸ್ಟ್. ಮಾಸ್ಕೊದವರು ನೋಡಿದ್ದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಬಿ ಬ್ಲಾಕಿನ ಒಬ್ಬಾಕೆ ಮಾತ್ರ, ಮಗುವಿಗೆ ಹುಷಾರಿಲ್ಲದಾಗ ರಾತ್ರಿ ಬಂದು ಕೂತಳೆಂದು ತಮ್ಮ ಮನೆಯ ಕೆಲಸದಾಕೆಗೆ ಐನೂರು ಹೆಚ್ಚು ಕೊಟ್ಟಿದ್ದರು. ಅವರಿಗೆ ಗುಂಪಿನಲ್ಲಿ ಛೀಮಾರಿ ಬಿತ್ತು. ಹಾಕಿದವರು ಒಂದು ಬಹುರಾಷ್ಟ್ರೀಯ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವವರು. ಅವರೇ ಆ ವರ್ಷ ಮೂರನೆಯ ಸಲ ಕಂಪನಿ ಬದಲಿಸಿ ಶೇಕಡ 40 ಹೆಚ್ಚು ಸಂಬಳಕ್ಕೆ ಹಾರಿದ ಸಂತೋಷಕ್ಕೆ ನಮಗೆಲ್ಲ ಮೈಸೂರುಪಾಕು ಹಂಚಿದ್ದರು. ಒಳ್ಳೆಯ ಮೈಸೂರುಪಾಕು, ತುಪ್ಪ ಸೋರುತ್ತಿತ್ತು.

ಸರ್ಕಾರಿ ಕೆಲಸವಾದರೂ ಇದೆಯಲ್ಲ ಎನ್ನುತ್ತೀರಿ. ಇದೆ. ಧಾರವಾಡದ ಬಾಡಿಗೆ ಕೋಣೆಗಳಲ್ಲಿ ಗೈಡುಗಳ ನಡುವೆ ಮಲಗಿರುವ ಹುಡುಗರನ್ನು ಕೇಳಿ. 2021ರಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಆಯಿತು. ನಿಜವಾದ, ಅಪ್ಪಟ, ಯಾವ ಸರ್ಕಾರಿ ಅಡೆತಡೆಯೂ ಇಲ್ಲದ ಮುಕ್ತ ಮಾರುಕಟ್ಟೆಯನ್ನು ನಮ್ಮ ರಾಜ್ಯ ಕಂಡದ್ದು ಆಗಲೇ. ಕೊಳ್ಳುವವರಿದ್ದರು, ಮಾರುವವರಿದ್ದರು, ಓಎಂಆರ್ ಹಾಳೆಯಲ್ಲಿ ಖಾಲಿ ಬಿಟ್ಟ ಗುಂಡಿಗಳು ಆಮೇಲೆ ತಾವಾಗಿಯೇ ತುಂಬಿಕೊಂಡವು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಬಂಧಿಸಬೇಕಾಯಿತು. ದುಡ್ಡು ಕೊಡದೆ ಪಾಸಾಗಿದ್ದ ಪುಣ್ಯಾತ್ಮರೂ ಎಲ್ಲರ ಜೊತೆ 2024ರಲ್ಲಿ ಮತ್ತೆ ಪರೀಕ್ಷೆ ಬರೆದರು. ಅದೇ ವರ್ಷ ಕೆಪಿಎಸ್‌ಸಿ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಕನ್ನಡವನ್ನು ಹೊಡೆದುಹಾಕಿ ಮರುಪರೀಕ್ಷೆ ಮಾಡಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲಿ ತಪ್ಪುಗಳೂ ಮರುಹಾಜರಾದವು.

ಬೈಕಿನ ಹುಡುಗನ ಲೆಕ್ಕಕ್ಕೆ ಬರೋಣ. ಸರ್ಕಾರದ ಭತ್ಯೆ ಯೋಜನೆ ಯುವನಿಧಿಯಲ್ಲಿ ಅವನು ನಿರುದ್ಯೋಗಿ. ಪದವೀಧರನಾದ್ದರಿಂದ ತಿಂಗಳಿಗೆ 3,000, ಡಿಪ್ಲೊಮಾ ಆಗಿದ್ದರೆ 1,500, ಎರಡು ವರ್ಷದ ಮಟ್ಟಿಗೆ. ನನಗಿನ್ನೂ ಕೆಲಸ ಸಿಕ್ಕಿಲ್ಲ ಎಂದು ಅವನೇ ಆಗಾಗ ಘೋಷಿಸಿಕೊಳ್ಳಬೇಕು. ಅಪ್ಪ-ಅಮ್ಮ ದಿನಾ ಘೋಷಿಸುವುದು ಲೆಕ್ಕಕ್ಕಿಲ್ಲ. ಆ್ಯಪ್‌ನ ಕರಾರಿನಲ್ಲಿ ಅವನು ಪಾಲುದಾರ, ಲಾಭದಲ್ಲಿ ಪಾಲಿಲ್ಲ, ಅದು ಬೇರೆ. ಕೇಂದ್ರದ ಕಾರ್ಮಿಕ ಸಮೀಕ್ಷೆಯಲ್ಲಿ ಅವನು ಸ್ವಯಂ ಉದ್ಯೋಗಿ. ದೇಶದ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಕಾಲಮ್ಮಿನಲ್ಲೇ ಇದ್ದಾರೆ, ಅಂಗಡಿಯಲ್ಲಿ ಸಂಬಳವಿಲ್ಲದೆ ಅಪ್ಪನಿಗೆ ನೆರವಾಗುವ ಮಗನೂ ಅಲ್ಲೇ. ಟ್ರಾಫಿಕ್ ಪೊಲೀಸರ ಕಣ್ಣಿಗೆ ಬಿದ್ದಾಗ ಅವನು ಅಪರಾಧಿ. ನನಗೆ ಅಕ್ಕನ ಮಗ.

ಆ ಸಮೀಕ್ಷೆಯ ವಾರದ ಲೆಕ್ಕ ನನಗೆ ಬಹಳ ಹಿಡಿಸಿತು. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ನೀವು ಉದ್ಯೋಗಸ್ಥರು. ಒಂದೇ ಗಂಟೆ. ಈ ದೇಶದಲ್ಲಿ ನಿರುದ್ಯೋಗಿ ಆಗುವುದೂ ಸುಲಭದ ಕೆಲಸವಲ್ಲ.

ಹಾಗಾದರೆ ಪರಿಹಾರ ಕೈಯಲ್ಲೇ ಇದೆ. ಹೊಸ ಕಾನೂನು ಬೇಡ, ಹೂಡಿಕೆದಾರರ ಸಮಾವೇಶ ಬೇಡ, ಎಕರೆಗೆ ಪೈಸೆಯೂ ಬೇಡ. ನಾರಾಯಣಮೂರ್ತಿಯವರ ಲೆಕ್ಕದ ವಾರಕ್ಕೆ 70 ಗಂಟೆ ದುಡಿಯುವ ಒಬ್ಬ ನೌಕರನನ್ನು ಹಿಡಿಯಿರಿ. ಅವನನ್ನು ಮನೆಗೆ ಕಳಿಸಿ, ಆ ಗಂಟೆಗಳನ್ನು ತಲಾ ಒಂದರಂತೆ ಎಪ್ಪತ್ತು ಮಂದಿಗೆ ಹಂಚಿ. ಕಂಪನಿಗೆ ಪೂರಾ 70 ಗಂಟೆಯ ಕೆಲಸ ಸಿಕ್ಕಿತು, ಒಂದು ಪೈಸೆ ಹೆಚ್ಚಿಲ್ಲ. ಸರ್ಕಾರಕ್ಕೆ ಎಪ್ಪತ್ತು ಉದ್ಯೋಗ ಸೃಷ್ಟಿಯಾಯಿತು. ಎಪ್ಪತ್ತರಲ್ಲಿ ನಲವತ್ತೊಂಬತ್ತು ಸ್ಥಳೀಯರಿಗೆ ಕೊಟ್ಟರೆ ಶೇಕಡ 70ರ ಮಸೂದೆಯೂ ಮಸೂದೆಯಿಲ್ಲದೆ ಜಾರಿಯಾಯಿತು. ಮಿಕ್ಕ ಹೊತ್ತಿನಲ್ಲಿ ಅವರು ಬೈಕ್ ಪಾರ್ಸೆಲ್ ಓಡಿಸಿಕೊಳ್ಳಲಿ. ಮನೆಗೆ ಹೋದ ಆ ಒಬ್ಬನಿಗೂ ಚಿಂತೆಯಿಲ್ಲ, ವಾರಕ್ಕೊಮ್ಮೆ ಒಂದು ಗಂಟೆ ಹೆಂಡತಿಯ ಅಂಗಡಿಯಲ್ಲಿ ಕೂತರೆ ಅವನೂ ಸ್ವಯಂ ಉದ್ಯೋಗಿ. ಯೋಜನೆಯ ಹಕ್ಕುಸ್ವಾಮ್ಯ ನನಗೆ ಬೇಡ, ವಿಧಾನಸೌಧಕ್ಕೆ ಬಿಟ್ಟುಕೊಟ್ಟಿದ್ದೇನೆ. ಸಂಪುಟ ಸಭೆಯನ್ನು ಮಾತ್ರ ಬೇಗ ಕರೆಯಬೇಕು, ಲೋಕೇಶ್ ಅವರು ಕನ್ನಡ ಪತ್ರಿಕೆ ಓದಿಸಿ ಕೇಳುತ್ತಾರೆಂದು ಗುಮಾನಿ.